ನೆಪೋಲಿಯನ್ ಕಾಲದ ಪುಟ್ಟ ಸೈನ್ಯ ಮತ್ತು ಮೇಜಿನ ಆಚೆ ಬದಿಯ ಗೆಳೆಯರು

ಮೇಜಿನ ಮೇಲೆ ದಾಳ ಎಸೆದು ಯುದ್ಧದ ಆಟ ಆಡಲು ನೆಪೋಲಿಯನ್ ಕಾಲದ ಮಿನಿಯೇಚರ್ (ಪುಟ್ಟ ಗೊಂಬೆ) ಸೈನ್ಯ ಕಟ್ಟಬೇಕು ಅನ್ನುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಎದುರು ಆಡುವವರು ಯಾರು? ಯಾವ ಅಳತೆ, ಯಾವ ಬಣ್ಣ, ಯಾವ ನಿಯಮ ಎಲ್ಲ ಆಮೇಲೆ. ಆ ಕಾಲದ ಸೈನ್ಯಗಳು ದೊಡ್ಡವು, ಸಮವಸ್ತ್ರದ ವಿವರಗಳೂ ಜಾಸ್ತಿ. ಒಬ್ಬರೇ ಕೂತು ಶುರು ಮಾಡಿದರೆ ಅರ್ಧದಲ್ಲಿ ಕೈಬಿಡುವುದು ಸುಲಭ. ಆಚೆ ಬದಿಯಲ್ಲಿ ಗೆಳೆಯನೊಬ್ಬ ಕಾಯುತ್ತಿದ್ದರೆ ಬ್ರಷ್ ತಾನಾಗಿಯೇ ಕೈಗೆ ಬರುತ್ತದೆ.

ನಾವು ಮೂವರು ಸೇರಿಕೊಂಡೆವು. ನನ್ನದು ಫ್ರೆಂಚ್ ಪಡೆ, ಒಬ್ಬನದು ಬ್ರಿಟಿಷರದು, ಇನ್ನೊಬ್ಬನದು ಡಚ್ಚರು ಮತ್ತು ನಸೌ (ಜರ್ಮನಿಯ ಪುಟ್ಟ ಸಂಸ್ಥಾನ) ಸೈನಿಕರದು. ದೊಡ್ಡ ಯುದ್ಧ ಇಡೀ ಒಂದೇ ನೋಟಕ್ಕೆ ಕಾಣಬೇಕು ಅಂದರೆ 6 ಮಿಲಿಮೀಟರ್ ಸೈನಿಕರೇ ಚೆಂದ. ಆದರೆ ನಮಗೆ ಮೀಸೆ, ಗುಂಡಿ, ಬೆನ್ನುಚೀಲ ಎಲ್ಲ ಕಾಣಬೇಕಿತ್ತು. ಹಾಗಾಗಿ 28 ಮಿಲಿಮೀಟರ್ ಪ್ಲಾಸ್ಟಿಕ್ ಸೈನಿಕರನ್ನು ಆರಿಸಿಕೊಂಡೆವು.

ಮೊದಲ ಆಟಕ್ಕೆ ಎಲ್ಲರೂ ವಾಟರ್ಲೂ ಅನ್ನುತ್ತಾರೆ. ನಾವು ಅದಕ್ಕೆ ಎರಡು ದಿನ ಮುಂಚೆ, 1815ರ ಜೂನ್ 16ರಂದು ಈಗಿನ ಬೆಲ್ಜಿಯಂನಲ್ಲಿ ನಡೆದ ಕಾತ್ರ್ ಬ್ರಾ ಕಾಳಗ ಹಿಡಿದೆವು. ಅದಕ್ಕೆ ಕಾರಣ ಇದೆ. ಆ ಮಧ್ಯಾಹ್ನ ಫ್ರೆಂಚ್ ಸೇನಾಪತಿ ಮಾರ್ಷಲ್ ನೇ ದಾಳಿ ಶುರು ಮಾಡಿದಾಗ ರಸ್ತೆಗಳು ಕೂಡುವ ಆ ಜಾಗವನ್ನು ಕಾಯುತ್ತಿದ್ದದ್ದು ಡಚ್ ಮತ್ತು ನಸೌ ಪಡೆ ಮಾತ್ರ. ಆಮೇಲೆ ಬ್ರಿಟಿಷ್ ಜನರಲ್ ಪಿಕ್ಟನ್‌ನ ಡಿವಿಷನ್ ಬಂತು. ಸಂಜೆಯವರೆಗೂ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ಗೆ ತುಂಡು ತುಂಡಾಗಿ ಸೈನ್ಯ ಬರುತ್ತಲೇ ಇತ್ತು. ಅಂದರೆ ನಮ್ಮ ಬ್ರಿಟಿಷ್ ಗೆಳೆಯ ಇಡೀ ಸೈನ್ಯ ಮುಗಿಸುವವರೆಗೆ ಕಾಯಬೇಕಿಲ್ಲ. ಅವನ ರೆಜಿಮೆಂಟುಗಳು ಒಣಗಿದ ಹಾಗೆಲ್ಲ ಮೇಜಿಗೆ ಬರಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಾಳಗ ನನಗಂತೂ ಗೊತ್ತಿಲ್ಲ.

ನನ್ನ ಲೆಕ್ಕ ಯಾವಾಗಲೂ ಬೆಟಾಲಿಯನ್ ಲೆಕ್ಕ. 1808ರ ನಂತರ ಫ್ರೆಂಚ್ ಕಾಲಾಳುಗಳ ಒಂದು ಬೆಟಾಲಿಯನ್ ಅಂದರೆ ಆರು ಕಂಪನಿ: ಒಂದು ಗ್ರೆನೇಡಿಯರ್ (ಆಯ್ದ ಗಟ್ಟಿಗರು), ನಾಲ್ಕು ಫ್ಯುಸಿಲಿಯರ್ (ಸಾಮಾನ್ಯ ಕಾಲಾಳುಗಳು), ಒಂದು ವೋಲ್ಟಿಜರ್ (ಮುಂದೆ ಹರಡಿ ಗುಂಡು ಹಾರಿಸುವವರು). ಕಾಗದದ ಮೇಲೆ 840 ಜನ. ನಾನು ಅದನ್ನು 24 ಸೈನಿಕರಿಗೆ ಇಳಿಸಿದೆ. ಒಂದೊಂದು ಬೇಸ್ (ಸೈನಿಕರನ್ನು ಅಂಟಿಸುವ ತಳಹಲಗೆ) ಮೇಲೆ ನಾಲ್ವರು, ಒಟ್ಟು ಆರು ಬೇಸು, ಒಂದೊಂದು ಬೇಸೂ ಒಂದೊಂದು ಕಂಪನಿ. ಇದರ ಲಾಭ ಆಡುವಾಗ ಗೊತ್ತಾಗುತ್ತದೆ. ಆರನ್ನೂ ಪಕ್ಕಪಕ್ಕ ಇಟ್ಟರೆ ಸಾಲು. ಎರಡೆರಡರಂತೆ ಹಿಂದೆ ಹಿಂದೆ ಇಟ್ಟರೆ ಕಾಲಂ. ನಾಲ್ಕೂ ಕಡೆಗೆ ಮುಖ ತಿರುಗಿಸಿದರೆ ಚೌಕ. ಗ್ರೆನೇಡಿಯರ್ ಬೇಸ್ ಬಲತುದಿಗೆ, ವೋಲ್ಟಿಜರ್ ಎಡತುದಿಗೆ. ಫ್ಯುಸಿಲಿಯರ್ ಕಂಪನಿಗಳ ಟೋಪಿಯ ಮೇಲಿನ ಪಾಂಪಂ (ಉಣ್ಣೆಯ ಉಂಡೆ) ಕ್ರಮವಾಗಿ ಹಸಿರು, ತಿಳಿನೀಲಿ, ಕಿತ್ತಳೆ, ನೇರಳೆ. ಒಂದೊಂದು ಚುಕ್ಕಿ ಬಣ್ಣ, ಅಷ್ಟೇ. ಆದರೆ ಅದನ್ನು ಇಟ್ಟ ಮೇಲೆ ಗುಂಪು ಹೋಗಿ ಬೆಟಾಲಿಯನ್ ಆಗುತ್ತದೆ.

ಬಣ್ಣ ಬಳಿಯುವುದಕ್ಕೆ ಬರೋಣ. ಎಂಟು ಸೈನಿಕರನ್ನು ಒಂದು ಕಡ್ಡಿಗೆ ಅಂಟಿಸಿ ಒಟ್ಟಿಗೆ ಬಳಿಯಿರಿ. ಮೊದಲ ಲೇಪವಾಗಿ ಕಪ್ಪು ಪ್ರೈಮರ್ ಹೊಡೆಯಿರಿ. ಸಂದುಗಳಲ್ಲಿ ಉಳಿಯುವ ಕಪ್ಪೇ ನೆರಳಿನ ಕೆಲಸ ಮಾಡುತ್ತದೆ. ಒಳಗಿನಿಂದ ಹೊರಗೆ ಬನ್ನಿ: ಮೊದಲು ಮುಖ, ಆಮೇಲೆ ಕೋಟು, ಪ್ಯಾಂಟು, ಕೊನೆಗೆ ಪಟ್ಟಿ ಮತ್ತು ಬಂದೂಕು. ಫ್ರೆಂಚರ ಕೋಟಿನ ನೀಲಿ ನಿಜಕ್ಕೂ ತುಂಬಾ ಗಾಢ. ಅದನ್ನೇ ಹಾಗೇ ಬಳಿದರೆ ಪುಟ್ಟ ಸೈನಿಕನ ಮೇಲೆ ಅದು ಕಪ್ಪಾಗಿ ಕಾಣುತ್ತದೆ. ಸ್ವಲ್ಪ ತಿಳಿ ಮಾಡಿಕೊಳ್ಳಿ. ಎದೆಯ ಮೇಲಿನ ಬಿಳಿ ಪಟ್ಟಿಗೆ ಮೊದಲು ತಿಳಿ ಬೂದು, ಅದರ ನಡುವೆ ಬಿಳಿ ಗೆರೆ. ಈ ಪಟ್ಟಿಗಳು ನೇರವಾಗಿದ್ದರೆ ಸಾಕು, ಉಳಿದದ್ದನ್ನು ಕಣ್ಣು ಕ್ಷಮಿಸುತ್ತದೆ. ಆಡುವಾಗ ನಾವು ನೋಡುವುದು ಕೈ ಚಾಚಿದಷ್ಟು ದೂರದಿಂದ, ಅಲ್ವಾ? ಗುಂಡಿಗಳ ಮೇಲೆ ಸಂಜೆಗಟ್ಟಲೆ ಕಳೆಯುವ ಬದಲು ಇನ್ನೊಂದು ಬೆಟಾಲಿಯನ್ ಮುಗಿಸಿ. ಉದ್ದ ಕೋಟು ತೊಟ್ಟ ಸೈನಿಕರನ್ನೂ ಸೇರಿಸಿಕೊಳ್ಳಿ. ಬೂದು, ಕಂದು ಬಣ್ಣದಲ್ಲಿ ಬೇಗ ಮುಗಿಯುತ್ತಾರೆ, ಯುದ್ಧಭೂಮಿಯಲ್ಲಿ ನಡೆದು ಬಂದವರ ಹಾಗೂ ಕಾಣುತ್ತಾರೆ.

ಬಾವುಟದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. 1808ರ ನಂತರ ಹದ್ದು (ಬಾವುಟದ ಕೋಲಿನ ತುದಿಯ ಲೋಹದ ಹದ್ದು) ರೆಜಿಮೆಂಟಿಗೆ ಒಂದೇ, ಅದೂ ಮೊದಲನೇ ಬೆಟಾಲಿಯನ್ನಿನ ಹತ್ತಿರ. 1804ರ ಬಾವುಟದ ನಡುವೆ ವಜ್ರಾಕಾರದ ಬಿಳಿ ಇದೆ. 1812ರ ನಂತರ ಬಂದದ್ದು ನೀಲಿ, ಬಿಳಿ, ಕೆಂಪು ಉದ್ದ ಪಟ್ಟಿ. 1815ರದ್ದು ಇನ್ನೂ ಸರಳ. ಬಾವುಟ ಸರಿಯಿದ್ದರೆ ಸೈನ್ಯ ಯಾವ ವರ್ಷದ್ದು ಅಂತ ಮೇಜಿನ ಆ ತುದಿಯಿಂದಲೇ ಗೊತ್ತಾಗುತ್ತದೆ.

ಆಟದ ಜೀವ ಇರುವುದು ಮೂರು ಪಡೆಗಳ ನಡುವಿನ ಹಗ್ಗಜಗ್ಗಾಟದಲ್ಲಿ. ಕುದುರೆಪಡೆ ಬಂದರೆ ಕಾಲಾಳುಗಳು ಚೌಕ ಕಟ್ಟಬೇಕು, ಬಯೊನೆಟ್ ಗೋಡೆಗೆ ಕುದುರೆ ನುಗ್ಗುವುದಿಲ್ಲ. ಆದರೆ ಚೌಕ ಕಟ್ಟಿ ನಿಂತವರು ಫಿರಂಗಿಗೆ ಒಳ್ಳೆಯ ಗುರಿ. ಕಾತ್ರ್ ಬ್ರಾದಲ್ಲಿ ಬ್ರಿಟಿಷರ 69ನೇ ರೆಜಿಮೆಂಟಿನ ಮೇಲೆ ಎದೆಕವಚ ತೊಟ್ಟ ಫ್ರೆಂಚ್ ಕುದುರೆ ಸವಾರರಾದ ಕ್ಯುರಾಸಿಯರ್‌ಗಳು ಬಿದ್ದಾಗ ಅದು ಚೌಕದಲ್ಲಿ ಇರಲಿಲ್ಲ. ರಾಜನ ಬಾವುಟವೇ ಕೈತಪ್ಪಿತು. ನಮ್ಮ ಗೆಳೆಯ ಹಟ ಹಿಡಿದು ಅದೇ 69ನ್ನು ಬಳಿದ. ಮೇಜಿನ ಮೇಲೆ ನನ್ನ ಕ್ಯುರಾಸಿಯರ್‌ಗಳು ನುಗ್ಗಿದಾಗ ಅವನು ದಾಳ ಎಸೆದ, ಚೌಕ ಕೂಡಿತು. "ಈ ಸಲ ಬಾವುಟ ಕೊಡಲ್ಲ ಕಣೋ!" ಅಂತ ಕೂಗಿದ. ನನ್ನ ದಾಳಿ ಮುರಿದುಬಿತ್ತು, ಆದರೂ ಅವನಷ್ಟೇ ಖುಷಿ ನನಗೂ ಆಯಿತು.

ಇಂಥ ಗೆಳೆತನ ಬೆಳೆಯುವುದಕ್ಕೆ ಒಂದು ರೂಢಿ ತುಂಬಾ ಸಹಾಯ ಮಾಡಿತು. ಈ ಫಿರಂಗಿಗೆ ಆ ದಿಬ್ಬದ ಹಿಂದೆ ಕಾಣುತ್ತದೋ ಇಲ್ಲವೋ ಅಂತ ವಾದ ಬಂದರೆ ಒಂದೇ ದಾಳ ಎಸೆದು ಮುಂದೆ ಹೋಗುತ್ತೇವೆ. ನಿಯಮದ ಪುಸ್ತಕ ತೆರೆಯುವುದು ಆಟ ಮುಗಿದ ಮೇಲೆ. ಆಗ ಮಾತು ನಿಯಮದಿಂದ ಶುರುವಾಗಿ ಮನೆ, ಕೆಲಸ, ಮಕ್ಕಳು ಅಂತ ಎಲ್ಲಿಗೋ ಹೋಗುತ್ತದೆ. ಸೈನಿಕರನ್ನು ಪೆಟ್ಟಿಗೆಗೆ ಹಾಕುತ್ತಾ ಕೈಗಳು ಕೆಲಸದಲ್ಲಿ ಇರುವಾಗ ಕಷ್ಟಸುಖ ಹೇಳಿಕೊಳ್ಳುವುದು ಸುಲಭ ಅಂತ ನನಗೆ ಅನ್ನಿಸಿದೆ. ನಸೌ ಗೆಳೆಯ ಕಾಯಿಲೆಯಾಗಿ ಮಲಗಿದಾಗ ಅವನ ಹಸಿರು ಕೋಟಿನ ಕೊನೇ ಬೆಟಾಲಿಯನ್ನನ್ನು ನಾವಿಬ್ಬರು ಹಂಚಿಕೊಂಡು ಮುಗಿಸಿದೆವು. ಯಾರು ಯಾವ ಸೈನಿಕನನ್ನು ಬಳಿದದ್ದು ಅಂತ ಅವನು ಒಂದೊಂದನ್ನೂ ಎತ್ತಿ ನೋಡಿ ಹೇಳಿಬಿಟ್ಟ!

ಈಗ ನಾಲ್ಕನೆಯವನು ಸೇರಿದ್ದಾನೆ, ಪ್ರಷ್ಯನ್ ಸೈನ್ಯ ಬೇಕಂತೆ. ಅದೇ ಜೂನ್ 16ರಂದು ಪಕ್ಕದ ಲಿನ್ಯಿಯಲ್ಲಿ ನೆಪೋಲಿಯನ್ ಪ್ರಷ್ಯನ್ ಸೇನಾಪತಿ ಬ್ಲೂಖರ್‌ನನ್ನು ಸೋಲಿಸಿದ. ಡೆರ್ಲೋನ್‌ನ ಫ್ರೆಂಚ್ ಕೋರ್ (ಹಲವು ಡಿವಿಷನ್‌ಗಳ ದೊಡ್ಡ ಪಡೆ) ಮಾತ್ರ ಆ ದಿನವೆಲ್ಲ ಎರಡು ಕಾಳಗಗಳ ನಡುವೆ ಓಡಾಡಿ ಎಲ್ಲೂ ಹೋರಾಡಲಿಲ್ಲ. ಅದಕ್ಕೇ ಈ ಸಲ ಎರಡು ಮೇಜು ಹಾಕಿ ಎರಡೂ ಕಾಳಗ ಒಟ್ಟಿಗೆ ಆಡುತ್ತೇವೆ. ಡೆರ್ಲೋನ್‌ನ ಪಡೆ ನಡುವಿನ ಜಾಗದಲ್ಲಿ ಇರುತ್ತದೆ, ಅದನ್ನು ಎತ್ತ ಕಳಿಸಬೇಕು ಅನ್ನುವುದು ನನ್ನ ಕೈಯಲ್ಲಿದೆ. ಹೊಸಬನ ಮೊದಲ ಲಾಂಡ್‌ವೇರ್ (ಪ್ರಷ್ಯದ ನಾಗರಿಕ ಪಡೆ) ಬೆಟಾಲಿಯನ್ನಿಗೆ ಬೇಸುಗಳು ಸಿದ್ಧ. ಲಿನ್ಯಿ ಹಳ್ಳಿಯ ಮನೆಗಳು ಇನ್ನೂ ಬಾಕಿ.