ಪಂಜರದ ಕೆಳಗಿನ ಕೆಸರನ್ನು ಮೂಸಿ ನೋಡಿ

ಕಾರವಾರದ ಕಡಲಲ್ಲಿ, ಉಪ್ಪುಂದದ ಅಳಿವೆಯಲ್ಲಿ ಬಲೆಯ ಪಂಜರ ಇಳಿಸಿ ಸೀಬಾಸ್, ಕೋಬಿಯಾ ಮೀನು ಸಾಕುವುದು ಈಗ ಹೊಸತಲ್ಲ. ಮೀನಿನ ತೂಕವನ್ನು ತಿಂಗಳು ತಿಂಗಳೂ ಬರೆದಿಡುತ್ತೇವೆ. ಪಂಜರದಡಿಯ ನೆಲದ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯುವುದು ಹೇಗೆ?

ಕಡಲಿಗೆ ಇಳಿಯುವ ಮೊದಲು ದಂಡೆಯಲ್ಲೇ ಕುಳಿತು ಒಂದು ಗುಣಾಕಾರ ಮಾಡಿ. ಬೂತಾಯಿಯಂಥ ಅಗ್ಗದ ಮೀನು ಕತ್ತರಿಸಿ ಹಾಕುವಲ್ಲಿ, ಒಂದು ಕಿಲೋ ಮೀನು ಬೆಳೆಯಲು ಆರು ಕಿಲೋ ಆಹಾರ ಖರ್ಚಾಯಿತು ಎನ್ನಿ. ಹಸಿ ಮೀನಿನಲ್ಲಿ ಸಾರಜನಕ ಸುಮಾರು ಶೇ 2.8. ಹಾಕಿದ್ದು 168 ಗ್ರಾಂ, ಮೀನಿನ ಮೈಗೆ ಹತ್ತಿದ್ದು 28 ಗ್ರಾಂ. ಉಳಿದ 140 ಗ್ರಾಂ ಕಡಲಿಗೆ. ಒಂದು ಟನ್ ಮೀನಿಗೆ 140 ಕಿಲೋ! ಇದರಲ್ಲಿ ಒಂದು ಪಾಲು ಅಮೋನಿಯಾ ಆಗಿ ನೀರಿನಲ್ಲಿ ಕರಗುತ್ತದೆ, ಇನ್ನೊಂದು ಪಾಲು ಹಿಕ್ಕೆಯಾಗಿ, ತಿನ್ನದೆ ಬಿಟ್ಟ ಚೂರಾಗಿ ತಳ ಸೇರುತ್ತದೆ. ಹಾಗಾಗಿ ನೀರು, ಕೆಸರು ಎರಡನ್ನೂ ನೋಡಬೇಕು.

ಎಲ್ಲಿ ನೋಡಬೇಕು? ಕುಡಿದು ಮುಗಿಸಿದ ಎಳನೀರಿನ ಬುರುಡೆಯೊಂದನ್ನು ಪಂಜರದ ಬಳಿ ತೇಲಿಬಿಟ್ಟು ಸೆಳೆತದ ದಿಕ್ಕು ಗುರುತಿಸಿ, ಭರತಕ್ಕೊಮ್ಮೆ, ಇಳಿತಕ್ಕೊಮ್ಮೆ. ಪಂಜರದಡಿ ಒಂದು, ಸೆಳೆತದ ಹಾದಿಯಲ್ಲಿ 50 ಮತ್ತು 100 ಮೀಟರಿಗೆ ಒಂದೊಂದು ಜಾಗ ಸಾಕು. ಆದರೆ ನಾಲ್ಕನೆಯದನ್ನು ಬಿಡುವಂತೆಯೇ ಇಲ್ಲ: ಅಷ್ಟೇ ಆಳದ, ಅಂಥದೇ ತಳದ, ಪಂಜರದ ಕಸ ತಲುಪದ ದೂರದ ಜಾಗ. ಏಕೆಂದರೆ ನಮ್ಮ ಪಡುಗಡಲು ತಾನೇ ಬದಲಾಗುತ್ತಿರುತ್ತದೆ. ಮಳೆಗಾಲದ ಕೊನೆಗೆ ಆಳದ, ಆಮ್ಲಜನಕ ಕಡಿಮೆಯಿರುವ ನೀರು ದಂಡೆಯತ್ತ ಮೇಲೇರಿ ಬರುತ್ತದೆ. ಸೆಪ್ಟೆಂಬರಿನಲ್ಲಿ ಪಂಜರದ ಬಳಿಯಷ್ಟೇ ಅಳೆದವರು ಕಡಲಿನ ತಪ್ಪನ್ನು ಪಂಜರದ ಮೇಲೆ ಹೊರಿಸುತ್ತಾರೆ, ಇಲ್ಲವೇ ಪಂಜರದ ತಪ್ಪನ್ನು ಕಡಲಿನ ಮೇಲೆ. ಹೋಲಿಕೆಯ ಜಾಗವಿಲ್ಲದ ಅಂಕಿಗಳಿಗೆ ನಾನಂತೂ ಕಿಲುಬು ಕಾಸಿನ ಬೆಲೆ ಕೊಡುವುದಿಲ್ಲ. ಮರಿ ಬಿಡುವ ಮೊದಲೇ ನಾಲ್ಕೂ ಕಡೆ ಒಮ್ಮೆ ಅಳೆದಿಡಿ.

ನೀರನ್ನು ಬೆಳಕು ಹರಿಯುವ ಮೊದಲು ತೆಗೆಯಿರಿ, ಆಮ್ಲಜನಕ ತೀರ ಕೆಳಗಿಳಿಯುವುದು ಆಗಲೇ. ಮೀಟರ್ ಇಲ್ಲದಿದ್ದರೆ 1888ರ ವಿಂಕ್ಲರ್ ವಿಧಾನ ಇಂದಿಗೂ ಕೈಬಿಡುವುದಿಲ್ಲ. ಗುಳ್ಳೆ ಸೇರದಂತೆ ಸೀಸೆ ತುಂಬಿ ಮ್ಯಾಂಗನೀಸ್ ಸಲ್ಫೇಟ್, ಕ್ಷಾರ ಬೆರೆತ ಅಯೋಡೈಡ್ ಹನಿಸಿದರೆ ಮೋಡದಂಥ ಗಷ್ಟು ಕಟ್ಟುತ್ತದೆ. ಕಂದು ಬಣ್ಣ ಬಂದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಗಾಬರಿಯಾಗಬೇಕು. ನಿಖರ ಅಂಕಿಯನ್ನು ಪ್ರಯೋಗಾಲಯ ಕೊಡುತ್ತದೆ. ಕಡಲ ಕೃಷಿಯ ನೀರಿಗೆ ನಮ್ಮ ದೇಶದ ಮಾನದಂಡದಂತೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಅಥವಾ ಶೇ 60ರಷ್ಟು ಪರ್ಯಾಪ್ತತೆ, ಅಂದರೆ ಆ ನೀರು ಕರಗಿಸಿಕೊಳ್ಳಬಲ್ಲ ಆಮ್ಲಜನಕದ ಶೇ 60, ಯಾವುದು ಹೆಚ್ಚೋ ಅದು. ಅಮೋನಿಯಾ, ಫಾಸ್ಫೇಟ್ ತಿಂಗಳಿಗೊಮ್ಮೆ ನೋಡಿದರಾಯಿತು.

ನೀರು ಹರಿದು ಹೋಗುತ್ತದೆ, ಕೆಸರು ಉಳಿಯುತ್ತದೆ. ಎರಡು ದವಡೆಯ ಕಬ್ಬಿಣದ ಗ್ರ್ಯಾಬನ್ನು ಹಗ್ಗದಲ್ಲಿ ಇಳಿಸಿ, ಒಂದೊಂದು ಜಾಗದಲ್ಲೂ ಮೂರು ಸಲ ಎತ್ತಿ. ಟ್ರೇಗೆ ಸುರಿದೊಡನೆ ಮೂಸಿ. ತಮಾಷೆಯಲ್ಲ: ನಾರ್ವೆಯ ಎನ್‌ಎಸ್ 9410 ಮಾನದಂಡದಲ್ಲಿ ಕೆಸರಿನ ವಾಸನೆ, ಬಣ್ಣ, ಮೆದುತನಕ್ಕೆಲ್ಲ ಅಂಕವಿದೆ. ಆರೋಗ್ಯವಂತ ಕೆಸರಿನ ಮೇಲ್ಪದರ ಕಂದು, ವಾಸನೆ ಬರಿಯ ಕಡಲಿನದು. ಕಾಡಿಗೆಯಂತೆ ಕಪ್ಪಾಗಿ, ಬೆರಳಿಗೆ ಬೆಣ್ಣೆಯಂತೆ ಹತ್ತಿ, ಕೊಳೆತ ಮೊಟ್ಟೆಯ ನಾತ ಹೊಡೆದರೆ ಅಲ್ಲಿ ಉಸಿರಾಟ ಕಟ್ಟಿದೆ. ಮೇಲೆ ಹತ್ತಿಯಂಥ ಬಿಳಿ ಪೊರೆ ಕಂಡರೆ ಅದು ಬೆಗಿಯಾಟೋವಾ ಬ್ಯಾಕ್ಟೀರಿಯಾ, ಸ್ಥಿತಿ ಕೈಮೀರುತ್ತಿರುವ ಸೂಚನೆ.

ನಂತರ ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆಯಿರಿ. ಹಲವು ಬಗೆಯ ಹುಳು, ಸಣ್ಣ ಸಿಗಡಿ, ಚಿಪ್ಪಿನ ಮರಿ ಸಿಕ್ಕರೆ ಸರಿ. ದಾರದ ಎಳೆಯಂಥ ಕೆಂಪು ಕ್ಯಾಪಿಟೆಲ್ಲಾ ಹುಳು ಒಂದೇ ರಾಶಿ ರಾಶಿಯಾಗಿದ್ದರೆ ಉಳಿದವರೆಲ್ಲ ಊರು ಬಿಟ್ಟಿದ್ದಾರೆ ಎಂದರ್ಥ.

ಕೆಸರಿನ ಪರೀಕ್ಷೆಯನ್ನು ಮೀನು ಅತಿ ಹೆಚ್ಚು ತೂಗುವಾಗ, ಅಂದರೆ ಕಟಾವಿಗೆ ತುಸು ಮೊದಲು, ತಪ್ಪಿಸಬೇಡಿ. ದೂರದ ಜಾಗ ಚೆನ್ನಾಗಿದ್ದು ಪಂಜರದಡಿ ಮಾತ್ರ ಕಪ್ಪಾಗಿದ್ದರೆ ಆಹಾರ ಇಳಿಸಿ, ಪಾಚಿ ಮತ್ತು ನೀಲಿಕಲ್ಲು ಚಿಪ್ಪು ಕಟ್ಟಿದ ಬಲೆ ಬದಲಿಸಿ. ಕಟಾವಾದ ಮೇಲೂ ಅದೇ ಜಾಗದಲ್ಲಿ ಗ್ರ್ಯಾಬ್ ಇಳಿಸುತ್ತಿರಿ. ಕಂದು ಪದರ ಮರಳಿ ಬರುವವರೆಗೆ ಅಲ್ಲಿ ಹೊಸ ಮರಿ ಬಿಡುವುದು ಬೇಡ.