ಗಾಳಿ ಬೇಡುವ ಸಂವೇದಕ

ನಮ್ಮ ಹೈನುಶಾಲೆಯ ಜನರೇಟರ್ ಗೋಬರ್ ಗ್ಯಾಸಿನಿಂದ ಓಡುತ್ತದೆ. ಆ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಎಂಜಿನ್ನನ್ನು ಒಳಗಿಂದ ಕೊರೆಯುತ್ತದೆ. ಅದಕ್ಕೆಂದೇ ಕೊಳವೆಯ ದಾರಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರುಗಳ ಡ್ರಮ್ ಇಟ್ಟಿದ್ದೇವೆ. ತುಕ್ಕು ಗಂಧಕವನ್ನು ಹಿಡಿದಿಡುತ್ತದೆ. ಅದರ ಶಕ್ತಿ ಯಾವಾಗ ತೀರಿತೆಂದು ಹೇಳಲು ಮೂಗನ್ನು ನಂಬುವಂತಿಲ್ಲ. ಸುಮಾರು 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ದಾಟಿದರೆ ಮೂಗು ಮರಗಟ್ಟಿ ಕೊಳೆತ ಮೊಟ್ಟೆಯ ವಾಸನೆಯೇ ಇಲ್ಲವಾಗುತ್ತದೆ. ಹಾಗಾಗಿ 2,000 ಪಿಪಿಎಂವರೆಗೆ ಅಳೆಯುವ ಎಲೆಕ್ಟ್ರೋಕೆಮಿಕಲ್ ಸಂವೇದಕವೊಂದನ್ನು ಡ್ರಮ್ಮಿನ ಆಚೆ ಬದಿಗೆ ಜೋಡಿಸಿದೆ.

ಬೆಳಿಗ್ಗೆ 600 ತೋರಿಸಿತು. ಒಣಗಿದ್ದ ತುಕ್ಕಿಗೆ ನೀರು ಚಿಮುಕಿಸಿದೆ. ಸಂಜೆಗೆ 80! ತುಕ್ಕು ಮತ್ತೆ ಚೇತರಿಸಿಕೊಂಡಿತೆಂದು ಹಿಗ್ಗಿದೆ. ಅನುಮಾನ ಬೇಡವೆಂದು, ಹೈಡ್ರೋಜನ್ ಸಲ್ಫೈಡ್ ತಗುಲಿದರೆ ಕಪ್ಪಾಗುವ ಲೆಡ್ ಅಸಿಟೇಟ್ ಕಾಗದ ಹಿಡಿದರೆ ಅದು ನೋಡನೋಡುತ್ತಲೇ ಕಪ್ಪಾಯಿತು. ಸಂವೇದಕ ಸುಳ್ಳು ಹೇಳುತ್ತಿತ್ತು.

ಕಾರಣ ಅದರ ರಸಾಯನದಲ್ಲೇ ಇತ್ತು. ಒಳಗೆ ಸಲ್ಫ್ಯೂರಿಕ್ ಆಮ್ಲದಲ್ಲಿ ಮೂರು ಎಲೆಕ್ಟ್ರೋಡುಗಳಿವೆ. ಒಂದರ ಮೇಲೆ ಹೈಡ್ರೋಜನ್ ಸಲ್ಫೈಡಿನ ಪ್ರತಿ ಅಣುವೂ ಉತ್ಕರ್ಷಣಗೊಂಡು ಎಂಟು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ನಾವು ಅಳೆಯುವುದು ಆ ವಿದ್ಯುತ್ತನ್ನೇ. ಎರಡನೆಯದು ಆ ಎಂಟನ್ನೂ ತೀರಿಸಲು ಎರಡು ಆಮ್ಲಜನಕದ ಅಣುಗಳನ್ನು ಬೇಡುತ್ತದೆ. ಮೂರನೆಯದು ವೋಲ್ಟೇಜನ್ನು ಸ್ಥಿರವಾಗಿಡುವ ಆಧಾರ. ಗೋಬರ್ ಗ್ಯಾಸಿನಲ್ಲಿ ಆಮ್ಲಜನಕವೆಲ್ಲಿ? ಒಳಗೆ ಕರಗಿದ್ದಷ್ಟು ಮುಗಿಯುತ್ತಲೇ ಸಂವೇದಕ ಉಸಿರುಕಟ್ಟಿ, ಅದು ತೋರಿಸುವ ಅಂಕಿ ಇಳಿದಿತ್ತು.

ಈಗ ಎರಡು ಕವಾಟಗಳನ್ನು ಹಾಕಿದ್ದೇನೆ. ಎರಡು ನಿಮಿಷ ಅನಿಲ, ಆಮೇಲೆ ಅರ್ಧ ಗಂಟೆ ಶುದ್ಧ ಗಾಳಿ. ಗಾಳಿಯಲ್ಲಿ ಅಂಕಿ ಸೊನ್ನೆಗೆ ಮರಳುವುದನ್ನು ನೋಡಿದ ಮೇಲೆಯೇ ಮುಂದಿನ ಮಾದರಿ. ಗೋಬರ್ ಗ್ಯಾಸಿನ ಮುಖ್ಯ ಭಾಗವಾದ ಮೀಥೇನ್ ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡಾ ಬೆರೆತರೆ ಸಿಡಿಯಬಲ್ಲದು. ಆದ್ದರಿಂದ ಹೊರಬರುವ ಕೊಳವೆಯನ್ನು ಚಾವಣಿಯ ಮೇಲಕ್ಕೆ ಒಯ್ದಿದ್ದೇನೆ, ಕಿಡಿ ಹಾರದ ಪಂಪನ್ನೇ ಆರಿಸಿದ್ದೇನೆ.

ತೇವದ ಕಾಟ ಇನ್ನೊಂದು. ಬೆಚ್ಚಗಿನ ಅನಿಲ ತಣಿದು ಸಂವೇದಕದ ಟೆಫ್ಲಾನ್ ಪೊರೆಯ ಮೇಲೆ ಹನಿ ಕಟ್ಟಿದರೆ ಅನಿಲ ಒಳಗೇ ಹೋಗುವುದಿಲ್ಲ. ಸಿಲಿಕಾ ಜೆಲ್ ಬಳಸಿ ಪೂರ್ತಿ ಒಣಗಿಸಿದರೆ ಆಮ್ಲದ ನೀರು ಆರುತ್ತದೆ. ಕೊನೆಗೆ ಕೊಳವೆಯನ್ನು ಹಿಂದಕ್ಕೆ ಇಳಿಜಾರಾಗಿಸಿ, ಹನಿ ಕೂಡುವಲ್ಲಿ ಒಂದು ಸಣ್ಣ ಬಾಟಲಿ ಕಟ್ಟಿದೆ. ದಿನವೂ ಬೆಳಿಗ್ಗೆ ಹಾಲು ಕರೆಯುವ ಮುನ್ನ ಅದನ್ನು ಖಾಲಿ ಮಾಡುತ್ತೇನೆ. ವಾರಕ್ಕೊಮ್ಮೆ ಲೆಡ್ ಅಸಿಟೇಟ್ ಕಾಗದವನ್ನೂ ಹಿಡಿದು ನೋಡುತ್ತೇನೆ.