ಸರ್ವರ್ ಬದಲಾದರೂ ಐಪಿ ಬದಲಾಗಬಾರದು: ಪೀಣ್ಯದಲ್ಲಿ ವರ್ಚುವಲ್ ಐಪಿ ಹಾಕಿದ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತೇನೆ. ಅಲ್ಲಿನ ಬಾರ್‌ಕೋಡ್ ಸ್ಕ್ಯಾನರ್‌ಗಳು, ಹಾಜರಿ ಮಷೀನು, ಬಿಲ್ಲಿಂಗ್ ಪಿಸಿಗಳು ಎಲ್ಲವೂ ಒಂದೇ ಸರ್ವರಿನ ವಿಳಾಸಕ್ಕೆ ಜೋತುಬಿದ್ದಿದ್ದವು: 192.168.10.50. ಸರ್ವರ್ ಹಳೆಯದಾಗಿತ್ತು. ಅದರ ಜಾಗಕ್ಕೆ ಎರಡು ಹೊಸ ಲಿನಕ್ಸ್ ಸರ್ವರ್ ಬಂದವು, ಒಂದು ಹೋದರೆ ಇನ್ನೊಂದು ಇರಲಿ ಅಂತ. "ಸಾರ್, ಒಂದೊಂದು ಮಷೀನಿಗೂ ಹೋಗಿ ನಂಬರ್ ಬದಲಾಯಿಸೋಕೆ ಆಗಲ್ಲ, ಲೈನ್ ನಿಂತುಹೋಗುತ್ತೆ" ಅಂದರು ಸೂಪರ್‌ವೈಸರ್. ಅವರ ಮಾತು ಸರಿಯಾಗಿತ್ತು. ಹಾಗಾಗಿ ಸರ್ವರ್‌ಗಳಿಗೆ 11 ಮತ್ತು 12 ಅಂತ (ಇವು ವಿಳಾಸದ ಕೊನೆಯ ಅಂಕಿ, ಮುಂದಿನ 192.168.10 ಎಲ್ಲಕ್ಕೂ ಒಂದೇ) ಸ್ವಂತ ವಿಳಾಸ ಕೊಟ್ಟು, 50 ಅನ್ನು ವರ್ಚುವಲ್ ಐಪಿ ಮಾಡಿದೆ, ಅಂದರೆ ಒಂದೇ ಸರ್ವರಿಗೆ ಅಂಟಿಕೊಳ್ಳದೆ, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹೋಗಬಲ್ಲ ವಿಳಾಸ.

ಹಾಕುವುದು ಸುಲಭ. 'ಐಪಿ ಅಡ್ರೆಸ್ ಆಡ್ 192.168.10.50/32 ಡೆವ್ ಇಥ್0', ಅಷ್ಟೇ (ಇಥ್0 ಅಂದರೆ ಸರ್ವರಿನ ನೆಟ್‌ವರ್ಕ್ ಕಾರ್ಡಿನ ಹೆಸರು). ಹಿಂದೆ ಇಫ್‌ಕಾನ್ಫಿಗ್ ಅನ್ನುವ ಹಳೆಯ ಕಮಾಂಡಿನಲ್ಲಿ ಇಥ್0:0 ಅಂತ ಅಲಿಯಾಸ್, ಅಂದರೆ ಎರಡನೇ ವಿಳಾಸಕ್ಕೆ ಬೇರೆ ಹೆಸರಿನ ಲೇಬಲ್, ಹಾಕುತ್ತಿದ್ದೆವು. ಈಗ ಅದು ಬೇಡ. ಲೇಬಲ್ ಇಲ್ಲದೆ ಸೇರಿಸಿದ ಎರಡನೇ ವಿಳಾಸವನ್ನು ಇಫ್‌ಕಾನ್ಫಿಗ್ ತೋರಿಸುವುದೇ ಇಲ್ಲ. ಅದನ್ನು ನಂಬಿಕೊಂಡು "ಐಪಿ ಬಂದಿಲ್ಲ" ಅಂತ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. 'ಐಪಿ ಅಡ್ರೆಸ್ ಶೋ' ನೋಡಿ.

ಆ 32 ಯಾಕೆ ಅಂತ ಹೇಳಬೇಕು. /32 ಅಂದರೆ ಈ ಒಂದು ವಿಳಾಸ ಮಾತ್ರ, /24 ಅಂದರೆ 192.168.10 ಎಂದು ಶುರುವಾಗುವ ಇಡೀ ನೆಟ್‌ವರ್ಕ್. ಇದನ್ನು ಒಂದು ಟೆಸ್ಟ್ ವಿಎಂನಲ್ಲಿ (ಕಂಪ್ಯೂಟರಿನೊಳಗೇ ಓಡುವ ವರ್ಚುವಲ್ ಮಷೀನು) ಮಾಡಿ ನೋಡಿದೆ. 11 ಮತ್ತು 50 ಎರಡನ್ನೂ /24 ಅಂತ ಹಾಕಿದರೆ ಎರಡನೆಯದರ ಪಕ್ಕ 'ಸೆಕೆಂಡರಿ' ಅಂತ ಕಾಣುತ್ತದೆ. ಈಗ 11 ಅನ್ನು ತೆಗೆಯಿರಿ. 50 ಕೂಡ ಜೊತೆಗೇ ಮಾಯ! ಪ್ರಮೋಟ್_ಸೆಕೆಂಡರೀಸ್ ಅನ್ನುವ ಸಿಸ್‌ಸಿಟಿಎಲ್ (ಲಿನಕ್ಸ್ ಕರ್ನಲ್‌ನ ಸೆಟ್ಟಿಂಗ್) 1 ಆಗಿದ್ದರೆ ಮಾತ್ರ ಉಳಿಯುತ್ತದೆ. ಕೆಲವು ಲಿನಕ್ಸ್ ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) ಅದನ್ನು 1 ಮಾಡಿಯೇ ಕೊಡುತ್ತವೆ, ಆದರೆ ಅದರ ಮೇಲೆ ಭಾರ ಹಾಕುವುದಕ್ಕಿಂತ /32 ಹಾಕುವುದು ನನಗೆ ಇಷ್ಟ. ಆಗ 50 ಯಾರ ಹಂಗಿನಲ್ಲೂ ಇರುವುದಿಲ್ಲ. ಹೊರಗೆ ಹೋಗುವ ಸಂಪರ್ಕಗಳು ಎಂದಿನಂತೆ 11ರಿಂದಲೇ ಹೋಗುತ್ತವೆ.

ನಿಜವಾದ ಕೆಲಸ ಇರುವುದು ಅಕ್ಕಪಕ್ಕದ ಮಷೀನುಗಳಿಗೆ ಸುದ್ದಿ ಮುಟ್ಟಿಸುವುದರಲ್ಲಿ. ಯಾವ ಐಪಿ ಯಾವ ನೆಟ್‌ವರ್ಕ್ ಕಾರ್ಡಿನದು ಅಂತ ಬರೆದಿಟ್ಟುಕೊಳ್ಳುವ ಸ್ಕ್ಯಾನರ್‌ಗಳ ಎಆರ್‌ಪಿ ಪಟ್ಟಿಯಲ್ಲಿ 50ರ ಎದುರು ಹಳೆಯ ಸರ್ವರಿನ ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ಗುರುತು) ಕೂತಿರುತ್ತದೆ. ನಾವು ಆ ಐಪಿಯನ್ನು ಹೊಸ ಸರ್ವರಿಗೆ ಕೊಟ್ಟಿದ್ದು ಅವಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಕೆಲವು ರೂಟರ್‌ಗಳಂತೂ ಅದನ್ನು 4 ಗಂಟೆ ನೆನಪಿಟ್ಟುಕೊಳ್ಳುತ್ತವೆ. ಅದಕ್ಕೇ ಹಳೆಯ ಸರ್ವರನ್ನು ನಿಲ್ಲಿಸಿದ ಮೇಲೆ ಮೊದಲು 'ಆರ್ಪಿಂಗ್ -ಡಿ' (ದೊಡ್ಡಕ್ಷರದ ಡಿ) ಹಾಕಿ ಆ ವಿಳಾಸ ಇನ್ನೂ ಯಾರ ಬಳಿಯಾದರೂ ಇದೆಯಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಆಮೇಲೆ 50 ಅನ್ನು ಸೇರಿಸಿ, 'ಆರ್ಪಿಂಗ್ -ಯು' (ಇದೂ ದೊಡ್ಡಕ್ಷರ) ಮೂಲಕ ಹೊಸ ಮ್ಯಾಕ್ ಅನ್ನು ಸಾರಿದೆ. ಸ್ಕ್ಯಾನರ್‌ಗಳು ಕೂಡಲೇ ಮಾತಾಡಲು ಶುರು ಮಾಡಿದವು.

ಇದನ್ನೆಲ್ಲ ದಿನವೂ ಕೈಯಲ್ಲಿ ಮಾಡಲಾಗದು. ಅದಕ್ಕೆ ಕೀಪ್‌ಅಲೈವ್‌ಡಿ ಅನ್ನುವ ಪ್ರೋಗ್ರಾಂ ಇದೆ, ಅದನ್ನು ಎರಡೂ ಸರ್ವರಿನಲ್ಲಿ ಓಡಿಸಬೇಕು. ಅದು ವಿಆರ್‌ಆರ್‌ಪಿ (ಐಪಿ ಯಾರ ಬಳಿ ಇರಬೇಕು ಅಂತ ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮ) ಬಳಸುತ್ತದೆ: ಮಾಸ್ಟರ್ ಆಗಿರುವ, ಅಂದರೆ ಸದ್ಯ 50 ಅನ್ನು ಹಿಡಿದಿರುವ ಸರ್ವರ್, ಗುಂಪಿಗೆ ಕಳಿಸುವ ವಿಳಾಸವಾದ 224.0.0.18ಕ್ಕೆ ಸೆಕೆಂಡಿಗೊಮ್ಮೆ "ನಾನಿದ್ದೇನೆ" ಅಂತ ಕಳಿಸುತ್ತಿರುತ್ತದೆ. ಮಾಸ್ಟರ್‌ನ ಕೇಬಲ್ ಕಿತ್ತರೆ, ಪ್ರಯಾರಿಟಿ (ಆದ್ಯತೆಯ ಅಂಕಿ) 100 ಇರುವ ಬ್ಯಾಕಪ್, ಅಂದರೆ ಕಾಯುತ್ತಿರುವ ಇನ್ನೊಂದು ಸರ್ವರ್, ಸುಮಾರು 3.6 ಸೆಕೆಂಡ್ ಕಾದು ಐಪಿ ಎತ್ತಿಕೊಳ್ಳುತ್ತದೆ. ಕೀಪ್‌ಅಲೈವ್‌ಡಿಯನ್ನು ನೀಟಾಗಿ ನಿಲ್ಲಿಸಿದರೆ ಅಷ್ಟೂ ಕಾಯುವುದಿಲ್ಲ, ಯಾಕೆಂದರೆ ಮಾಸ್ಟರ್ ಹೋಗುವಾಗ ಪ್ರಯಾರಿಟಿ 0 ಅಂತ ಹೇಳಿಯೇ ಹೋಗುತ್ತದೆ. ಹಾಗಾಗಿ ಸುಮ್ನೆ ಸರ್ವಿಸ್ ನಿಲ್ಲಿಸಿ ನೋಡಿದರೆ ಸಾಲದು. ಕೇಬಲ್ ಕಿತ್ತೇ ಪರೀಕ್ಷೆ ಮಾಡಬೇಕು.

ಫೈರ್‌ವಾಲ್‌ನಲ್ಲಿ ಐಪಿ ಪ್ರೋಟೋಕಾಲ್ 112ಕ್ಕೆ (ವಿಆರ್‌ಆರ್‌ಪಿಯ ಸಂಖ್ಯೆ) ದಾರಿ ಬಿಟ್ಟಿರಲೇಬೇಕು. ಇದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಪೋರ್ಟ್ ತೆರೆದರೆ ಕೆಲಸ ಆಗದು. ತಡೆದುಬಿಟ್ಟರೆ ಎರಡೂ ಸರ್ವರ್ ತಾವೇ ಮಾಸ್ಟರ್ ಅಂದುಕೊಂಡು 50 ಅನ್ನು ಹಿಡಿದುಕೊಳ್ಳುತ್ತವೆ. ಎರಡಕ್ಕೂ ಶುರುವಿನ ಸ್ಥಿತಿ 'ಬ್ಯಾಕಪ್' ಕೊಟ್ಟು 'ನೋಪ್ರೀಎಂಪ್ಟ್' (ವಾಪಸ್ ಬಂದ ಸರ್ವರ್ ಐಪಿಯನ್ನು ಕಿತ್ತುಕೊಳ್ಳದಂತೆ ಮಾಡುವ ಸೆಟ್ಟಿಂಗ್) ಹಾಕಿದ್ದೇನೆ. ಕರೆಂಟ್ ಹೋಗಿ ಬರುವ ಜಾಗದಲ್ಲಿ ಐಪಿ ಆ ಕಡೆ ಈ ಕಡೆ ಓಡಾಡುವುದು ಬೇಡ.

ಇನ್ನೊಂದು ಮಾತು. ಕೀಪ್‌ಅಲೈವ್‌ಡಿಗೆ ಕೊಟ್ಟ ವಿಳಾಸವನ್ನು ನೆಟ್‌ಪ್ಲಾನ್ ಫೈಲಿನಲ್ಲಿ (ಸರ್ವರಿನ ಖಾಯಂ ನೆಟ್‌ವರ್ಕ್ ಸೆಟ್ಟಿಂಗ್ ಇರುವ ಫೈಲು) ಬರೆಯಬೇಡಿ. ಬರೆದರೆ ಬೂಟ್ ಆಗುತ್ತಲೇ ಆ ಸರ್ವರ್ 50 ತನ್ನದು ಅನ್ನುತ್ತದೆ, ಇನ್ನೊಂದರ ಬಳಿ ಅದು ಇದ್ದರೂ. ನೆಟ್‌ಪ್ಲಾನ್‌ನಲ್ಲಿ ಇರಬೇಕಾದ್ದು 11 ಮತ್ತು 12 ಮಾತ್ರ.